ಅತ್ತಿ ಹಾಕಿದ ಗಂಟು

ಮಹಾಂತಮ್ಮ ಸೊಸೆಯ ಬಾಯಿಗೆ ಒಂದು ಚಿಟಿಕೆ ಸಕ್ಕರೆ ಹಾಕಿ ಆಮೇಲೆ ಸುದ್ದಿ ಹೇಳಿದಳು. "ಮೊದಲ ಹೇಳಿದ್ರ ನೀ ಬ್ಯಾಡ ಅಂತಿದ್ದಿ, ಅದಕ್ಕ ಹೇಳಲಿಲ್ಲ. ಗದ್ವಾಲಕ್ಕ ನಾನ ಫೋನ್ ಮಾಡಸೀನಿ. ನಿಮ್ಮ ತಾಯಪ್ಪ ಮಾಮ, ಅತ್ತಿ, ಇಬ್ಬರೂ ಹತ್ತರ ಬಸ್ಸಿಗೆ ಬರ್ತಾರ. ನಿನಗ ಅಣ್ಣಿಲ್ಲ, ತಮ್ಮಿಲ್ಲ, ಹಡದಾಕೀನೂ ಹೋದ್ಲು. ಮಗಳು ದೊಡ್ಡಾಕಿ ಆಗಿ ಆರತಿಗೆ ಕುಂತಾಗ ತವರಮನಿಯವರ ಜಾಗಾ ಖಾಲಿ ಇದ್ರ ನಿನ್ನ ಜೀವ ಎಷ್ಟು ಮರಗತೈತಿ ಅನ್ನೋದು ನನಗ ತಿಳಿಯಂಗಿಲ್ಲೇನು? ಸೋದರಮಾವನ ಬದಲಿ ಆಂವನ ಕಾವ್ಯಾಗ ಎಣ್ಣಿ ಅರಿಷಿಣ ಹಚ್ಚಿ, ಎತ್ತಿ ಮಣಿ ಮ್ಯಾಲ ಕೂಡಸ್ತಾನ."

ಸಕ್ಕರೆ ನಾಲಿಗೆಯ ಮೇಲೆ ತನ್ನಷ್ಟಕ್ಕೆ ಕರಗಿತು. ಬೇಡವೆಂದರೂ ಅದು ಕರಗುತ್ತದೆ ಎಂಬುದನ್ನು ತ್ರಿವೇಣಿ ಹುಟ್ಟಿದಂದಿನಿಂದ ಇವತ್ತೇ ಗಮನಿಸಿದವಳಂತೆ ನಿಂತಳು. ಕಣ್ಣಲ್ಲಿ ನೀರು ಬಂದಿತ್ತು. ಮಹಾಂತಮ್ಮ ಅದನ್ನು ತನ್ನ ಸೆರಗಿನಿಂದ ಒರೆಸಿ, "ಹುಚ್ಚಿ, ಇದಕ್ಕೂ ಅಳ್ತಾರೇನು" ಎಂದು ಗಲ್ಲ ಸವರಿ, ಎಳ್ಳು ಹುರಿಯಲು ಒಲೆಯ ಮುಂದೆ ಹೋಗಿ ಕುಳಿತಳು. ಹದಿನಾಲ್ಕು ವರ್ಷದಲ್ಲಿ ಈ ಅತ್ತೆ ಒಂದು ಸಲವೂ ಗದರಿಸಿದವಳಲ್ಲ. ಬಾಣಂತನ ಮಾಡಿದವಳು, ತ್ರಿವೇಣಿ ಅಂಗನವಾಡಿ ಕೆಲಸಕ್ಕೆ ಹೊರಟರೆ ಬುತ್ತಿ ಕಟ್ಟಿ ಬಾಗಿಲವರೆಗೆ ತಂದು ಕೊಡುವವಳು. ಅಂಥವಳೇ ಹುಡುಕಿ ಹುಡುಕಿ ಆ ಮನುಷ್ಯನನ್ನು ಈ ಮನೆಗೆ ಕರೆಸಿದ್ದಳು, ಅದೂ ಸೊಸೆಯ ಮೇಲಿನ ಅಂತಃಕರಣದಿಂದ. ಬೈದು ಕರೆಸಿದ್ದರೆ ತಿರುಗಿ ಬೈಯಬಹುದಿತ್ತು. ಅಕ್ಕರೆಯಿಂದ ಬಾಯಿಗೆ ಸಕ್ಕರೆ ಹಾಕಿದವಳ ಮುಂದೆ ಏನೆಂದು ಬಾಯಿ ತೆರೆಯುವುದು? ಒಲೆಯ ಮೇಲೆ ಎಳ್ಳು ಚಟಚಟ ಸಿಡಿಯಿತು. ಇಷ್ಟೊತ್ತಿಗೆ ಬಸ್ಸು ಗದ್ವಾಲ ಬಿಟ್ಟಿರಬೇಕು.

ಹೇಳಬೇಕು. ಅಷ್ಟೇ ತಾನೇ. ಹೇಳುವುದನ್ನೇ ತಿಂಗಳಿಂದ ಮಕ್ಕಳಿಗೆ ಕಲಿಸುತ್ತಿದ್ದಾಳೆ. ಅಂಗನವಾಡಿಯ ಗೋಡೆಗೆ ಒಂದು ಸೊನ್ನೆ ಒಂಬತ್ತು ಎಂಟು ಎಂಬ ಮಕ್ಕಳ ಸಹಾಯವಾಣಿಯ ಅಂಕಿಗಳನ್ನು ತಾನೇ ಕೆಂಪು ಬಣ್ಣದಲ್ಲಿ ಬರೆದಿದ್ದಾಳೆ. ಬಟ್ಟೆಯ ಗೊಂಬೆಯನ್ನು ಕೈಯಲ್ಲಿ ಹಿಡಿದು ಇಲ್ಲಿ ಮುಟ್ಟಬಾರದು, ಇಲ್ಲಿಯೂ ಮುಟ್ಟಬಾರದು ಎಂದು ತೋರಿಸಿ, "ವದ್ದು ಅನು, ಪರುಗೆತ್ತು, ಚೆಪ್ಪು" ಎಂದು ಮಕ್ಕಳಿಂದ ತೆಲುಗಿನಲ್ಲಿ ಕೂಗಿಸುತ್ತಾಳೆ. ಬೇಡ ಅನ್ನು, ಓಡು, ಹೇಳು. ಮೂಗು ಸುರಿಯುವ ಮಕ್ಕಳು ಕುಣಿಕುಣಿದು ಕೂಗುತ್ತವೆ. ನಾರಾಯಣಪೇಟೆಯ ತರಬೇತಿಯಲ್ಲಿ ಶಿರೀಷಾ ಮೇಡಂ ಇದನ್ನು ಕಲಿಸಿದಾಗ ಟೀಚರುಗಳೆಲ್ಲ ಸೆರಗು ಬಾಯಿಗೆ ಒತ್ತಿ ನಕ್ಕಿದ್ದರು. ನಗು ನಿಂತ ಮೇಲೆ ಮೇಡಂ, ಇದನ್ನು ನಿಮ್ಮ ನಿಮ್ಮ ಮನೆಯ ಮಾತಿನಲ್ಲಿ ಹೇಳಿ ನೋಡೋಣ ಎಂದಿದ್ದರು. ತ್ರಿವೇಣಿಯ ಸರದಿ ಬಂದಾಗ ಎದ್ದು ನಿಂತಳು. ತೆಲುಗಿನಲ್ಲಿ ಗಿಳಿಯ ಹಾಗೆ ಬರುತ್ತಿದ್ದುದು ಕನ್ನಡದಲ್ಲಿ ಬರಲೊಲ್ಲದು. ತೆಲುಗು ಶಾಲೆಯದು, ಆಫೀಸಿನದು, ಹೊರಗೆ ಹೋಗುವಾಗ ಉಟ್ಟು ಬಂದ ಮೇಲೆ ಮಡಚಿ ಇಡುವ ಸೀರೆ. ಕನ್ನಡದಲ್ಲಿ ಹೇಳಿದರೆ ಅದು ಆಗಿಹೋಗಿದ್ದು ನಿಜವಾಗಿಬಿಡುತ್ತದೆ. ಅವ್ವ ಕೇಳಿಸಿಕೊಂಡುಬಿಡುತ್ತಾಳೆ, ಸತ್ತವಳು. ತುಟಿ ಅಲುಗಿದವು, ಸದ್ದು ಬರಲಿಲ್ಲ. ಹಿಂದಿನ ಸಾಲಿನಿಂದ ಯಾರೋ ಕಿಸಕ್ಕೆಂದರು. ಶಿರೀಷಾ ಮೇಡಂ ಹತ್ತಿರ ಬಂದು ನೀರಿನ ಗ್ಲಾಸನ್ನು ಕೈಗಿತ್ತು, ಎಲ್ಲರಿಗೂ ಬೆನ್ನು ಮಾಡಿ ಆಕೆಗೆ ಮರೆಯಾಗಿ ನಿಂತರು. "ಇಪ್ಪುಡು ಏಮೀ ಚೆಪ್ಪಕ್ಕರ್ಲೇದು," ಈಗ ಏನೂ ಹೇಳಬೇಕಾಗಿಲ್ಲ ಎಂದು ಮೆಲ್ಲಗೆ ಅಂದರು. ಆಕೆ ನೀರು ಕುಡಿದು ಮುಗಿಸುವವರೆಗೆ ಹಾಗೆಯೇ ಮರೆಯಾಗಿ ನಿಂತಿದ್ದರು. ಈಗ ಮರೆ ಮಾಡಲು ಯಾರೂ ಇರಲಿಲ್ಲ, ಈಗಲೇ ಹೇಳಬೇಕಾಗಿತ್ತು.

ಗಂಡ ಶಿವಕಾಂತ ಅಂಗಳದಲ್ಲಿ ಶಾಮಿಯಾನದ ಹಗ್ಗ ಬಿಗಿಯುತ್ತಿದ್ದ. ಮಗಳ ಆರತಿಯೆಂದು ಅವನು ಮೋಟಾರ್ ರಿವೈಂಡಿಂಗ್ ಅಂಗಡಿಗೆ ಇವತ್ತು ಬಾಗಿಲು ಹಾಕಿದ್ದ. ಉಗುರಿನ ಸಂದಿಯ ವಾರ್ನಿಷ್ ಮಾತ್ರ ಹೋಗಿರಲಿಲ್ಲ.

"ಒಂದ ಮಾತು," ಅಂದಳು ತ್ರಿವೇಣಿ. "ಮಾಮ ಬರೋದು ಬ್ಯಾಡಾಗಿತ್ತು."

"ಬಸ್ಸು ಜುರಾಲ ಡ್ಯಾಂ ದಾಟಿರಬೇಕು. ಡ್ರೈವರ್‌ಗ ಫೋನ್ ಹಚ್ಚಿ ಹೊಳ್ಳಿ ಹೋಗಪಾ ಅನ್ಲೇನು?" ಅವನು ಹಗ್ಗದ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ನಕ್ಕ. "ಯಾಕ, ಆಂವನ ಸೀರಿ ಅಂಗಡ್ಯಾಗ ಹಳೇ ಸ್ಟಾಕ್ ಉಳಿದಿದ್ದು ತಂದು ಕಟ್ತಾನಂತ ಸಿಟ್ಟೇನು?"

"ಸೀರಿ ಮಾತಲ್ಲ."

"ಮತ್ತೇನು?"

ಅವನು ಹಗ್ಗ ಬಿಟ್ಟು ಆಕೆಯ ಮುಖ ನೋಡಿದ. ಆ ಕ್ಷಣದಲ್ಲಿ ಹೇಳಬಹುದಿತ್ತು. ಅವನ ಮುಖದಲ್ಲಿ ನಗು ಕರಗಿ ಕಾಳಜಿ ಬಂದಿತ್ತು, ಕೇಳಲು ಸಿದ್ಧನಿದ್ದ. ಆದರೆ ಆಕೆಗೆ ಕಂಡಿದ್ದು ಹೇಳಿದ ಮೇಲಿನ ಅವನ ಮುಖ. ಮದುವೆಯಾದ ಹೊಸದರಲ್ಲಿ ಅವನ ಕೈ ಸೊಂಟಕ್ಕೆ ತಗುಲಿದಾಗಲೆಲ್ಲ ಆಕೆ ಹಲಗೆಯ ಹಾಗೆ ಸೆಟೆದುಕೊಳ್ಳುತ್ತಿದ್ದುದು, ಅವನು ತಪ್ಪು ತನ್ನದೇ ಎಂಬಂತೆ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದುದು, ಎಷ್ಟೋ ತಿಂಗಳು ಹಾಗೆ ತಾಳಿಕೊಂಡಿದ್ದುದು, ಎಲ್ಲವನ್ನೂ ಈಗ ಅವನು ಈ ಹಗ್ಗದ ಮುಂದೆ ನಿಂತು ಮತ್ತೆ ಎಣಿಸಿ ನೋಡಬೇಕಾಗುತ್ತದೆ. "ಮುಂಜಾನಿಂದ ಏನೂ ತಿಂದಿಲ್ಲ ನೀ, ಅದಕ್ಕ ಹಿಂಗ ಆಗೇತಿ ಮಾರಿ," ಎಂದು ಅವನೇ ತೀರ್ಮಾನಿಸಿ ಒಳಗೆ ಹೋಗಿ ಚಹ ತಂದುಕೊಟ್ಟ. ಬಿಸಿಯೆಂದು ಬಸಿಗೆ ಸುರಿದು ಕೊಟ್ಟ. ಆಕೆ ಕುಡಿದಳು. ಅದೂ ಗಂಟಲಲ್ಲಿ ಇಳಿಯಿತು.

ಗದ್ವಾಲದ ಅಂಗಡಿಯ ಹಿಂದಿನ ಕೋಣೆಯಲ್ಲಿ ಬಿಳಿ ಗಾದಿ ಹಾಸಿರುತ್ತಿತ್ತು. ಗಂಜಿ ಮತ್ತು ನುಸಿಗುಳಿಗೆಯ ವಾಸನೆ. ಅಪ್ಪ ಸತ್ತ ವರ್ಷದಿಂದ ಬೇಸಿಗೆ ರಜೆ ಬಂದರೆ ಅವ್ವ ಆಕೆಯನ್ನು ಅಣ್ಣನ ಮನೆಗೆ ಕಳಿಸುತ್ತಿದ್ದಳು, ಒಂದು ಹೊಟ್ಟೆಯಾದರೂ ತುಂಬಲಿ ಎಂದು. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ತಾಯಪ್ಪ ಮಾಮ ನೇಕಾರರು ತಂದ ಹೊಸ ಸೀರೆಗಳನ್ನು ಬಿಚ್ಚಿ ಹಾಕಿ, ಬಣ್ಣದ ಹೆಸರು ಹೇಳು ಅನ್ನುತ್ತಿದ್ದ. ಸರಿ ಹೇಳಿದರೆ ಪೆಪ್ಪರಮೆಂಟು. ಆಕೆ ಜಾಣೆ, ಎಲ್ಲ ಹೇಳುತ್ತಿದ್ದಳು. ಮಾವಿನಕಾಯಿ ಹಸಿರು, ಈರುಳ್ಳಿ ಸಿಪ್ಪೆ, ನವಿಲುಗೊರಳು, ಕುಂಕುಮ, ಆನೆ ಬಣ್ಣ. ಹೆಸರು ಮುಗಿದ ಮೇಲೆ ಬಾಗಿಲು ಮುಚ್ಚುವ ಸದ್ದು. ಅಲ್ಲಿಂದ ಮುಂದೆ ಆಕೆಯ ನೆನಪು ಬಣ್ಣಗಳನ್ನಷ್ಟೇ ಹಿಡಿದಿಟ್ಟುಕೊಂಡಿತ್ತು. ಮುಖದ ಹತ್ತಿರವಿದ್ದ ಒಂದು ಅಂಚು, ಅದರ ಮೇಲೆ ಸಾಲಾಗಿ ಹೊರಟ ಜರಿಯ ಹಂಸಗಳು, ಅವು ಸೆರಗಿನ ತನಕ ಹೋಗಿ ಅಲ್ಲಿ ನಿಂತುಬಿಡುವುದು. ಈಗ ಅಂಗನವಾಡಿಯಲ್ಲಿ ಮಕ್ಕಳಿಗೆ ಬಣ್ಣ ಕಲಿಸುವಾಗ ಕೆಂಪು ಬರುತ್ತದೆ, ಹಳದಿ ಬರುತ್ತದೆ. ಹಸಿರು ಬಂದಾಗ ಒಮ್ಮೆ ಕೆಮ್ಮಿಕೊಳ್ಳುತ್ತಾಳೆ.

ಆದರೆ ಆ ದಿನಗಳಲ್ಲಿ ಆಕೆ ಮಾಮನಿಗಿಂತ ಹೆಚ್ಚು ದ್ವೇಷಿಸಿದ್ದು ಅವನ ಹೆಂಡತಿ ಮೊಗುಲಮ್ಮ ಅತ್ತಿಯನ್ನು. ಮಾತಿಲ್ಲದ ಹೆಂಗಸು. ನೇಕಾರರ ಮನೆಯಲ್ಲಿ ಹುಟ್ಟಿದವಳಲ್ಲದಿದ್ದರೂ ಮುಗಿಯುತ್ತ ಬಂದ ಹಾಸುನೂಲಿನ ತುದಿಗೆ ಹೊಸ ನೂಲಿನ ಎಳೆ ಗಂಟಿಕ್ಕುವುದನ್ನು ನೆರೆಯವರ ಮಗ್ಗದ ಮುಂದೆ ಕುಳಿತು ಕಲಿತಿದ್ದಳು. ಎಂಜಲು ತಾಗಿಸಿ ಹೊಸೆದು ಆಕೆ ಹಾಕಿದ ಗಂಟು ಬಿಚ್ಚುತ್ತಿರಲಿಲ್ಲ, ಕತ್ತರಿಸಬೇಕಿತ್ತು. ಮುಂಜಾನೆ ಎರೆದ ಮೇಲೆ ಆಕೆ ಹುಡುಗಿಯನ್ನು ತನ್ನ ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ಲಂಗದ ಲಾಡಿ ಕಟ್ಟುವಳು. ಅವ್ವ ಹಾಕುವ, ತುದಿ ಎಳೆದರೆ ಬಿಚ್ಚುವ ಜೀರುಗುಣಿಕೆಯಲ್ಲ. ಎಂಜಲು ಹಚ್ಚಿ ಒಂದು, ಅದರ ಮೇಲೆ ಒಂದು, ಮತ್ತೆ ಒಂದು. "ನಿಂದ್ರು. ಉಸಿರು ಬಿಡಬ್ಯಾಡ," ಅನ್ನುವಳು. ಹೊಟ್ಟೆಯ ಸುತ್ತ ಕೆಂಪು ಬರೆ ಬೀಳುವುದು. ಒಂದು ದಿನ ಉಚ್ಚೆಗೆ ಅವಸರವಾಗಿ, ಗಂಟು ಬಿಚ್ಚಲಾಗದೆ, ಸೀರೆ ತಂದ ನೇಕಾರರು ಸಾಲಾಗಿ ಕುಳಿತಿದ್ದ ಅಂಗಡಿಯ ನಡುವೆಯೇ ಲಂಗ ಒದ್ದೆ ಮಾಡಿಕೊಂಡಳು. "ಜುರಾಲ ಗೇಟು ತಗದ್ರು ನೋಡ್ರೋ!" ಎಂದು ಮಾಮ ತೊಡೆ ತಟ್ಟಿ ನಕ್ಕ, ಎಲ್ಲರೂ ನಕ್ಕರು. ಅತ್ತಿ ನಗಲಿಲ್ಲ. ಕತ್ತರಿಯಿಂದ ಲಾಡಿ ಕತ್ತರಿಸಿ, ಕಾಲು ತೊಳೆದು, ಬೇರೆ ಲಂಗ ಉಡಿಸಿ, ಮತ್ತೆ ಮೂರು ಗಂಟು ಹಾಕಿದಳು. ಮೂರನೆಯ ಬೇಸಿಗೆ ಮುಗಿದು ಊರಿಗೆ ಬಂದ ಮೇಲೆ ತ್ರಿವೇಣಿ ಇನ್ನು ಗದ್ವಾಲಕ್ಕೆ ಹೋಗುವುದಿಲ್ಲ ಎಂದು ಹಟ ಹಿಡಿದಳು. ಯಾಕ, ಅತ್ತಿ ಹೊಡೀತಾಳೇನು ಎಂದು ಅವ್ವ ಕೇಳಿದಳು. ಹೂಂ, ಅಂದಳು ಹುಡುಗಿ. ಸುಲಭವಾಗಿತ್ತು. ಅವ್ವ ಫ್ರಾಕು ಎತ್ತಿ ಹೊಟ್ಟೆಯ ಬರೆ ನೋಡಿ ಗೋಳೋ ಎಂದು ಅತ್ತು, ಬಸ್ಸು ಹತ್ತಿ ಗದ್ವಾಲಕ್ಕೆ ಹೋಗಿ, ಬೀದಿಯಲ್ಲಿ ನಿಂತು ಅತ್ತಿಗೆಯ ಮೇಲೆ ಮಣ್ಣು ತೂರಿ ಬಂದಳು. ಸಾಯುವವರೆಗೆ ಆಕೆಯ ಜೊತೆ ಮಾತಾಡಲಿಲ್ಲ. ಅಣ್ಣನನ್ನು ಮಾತ್ರ ದೇವರೆಂದಳು. ಮೊಗುಲಮ್ಮ ಅಂದೂ ಇಲ್ಲವೆನ್ನಲಿಲ್ಲ, ಆಮೇಲೂ ಅನ್ನಲಿಲ್ಲ. ಯಾಕೆ ಅನ್ನಲಿಲ್ಲ ಎಂದು ತ್ರಿವೇಣಿ ಎಂದೂ ಯೋಚಿಸಿರಲಿಲ್ಲ.

ಹಿತ್ತಲಲ್ಲಿ ನೆರೆಮನೆಯ ಕುರುಮಮ್ಮ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ವಿಧವೆ, ಎಪ್ಪತ್ತರ ಮೇಲಾದವಳು, ಆರತಿಯ ಮುಂದೆ ಬರಬಾರದೆಂದು ತಾನೇ ಹಿತ್ತಲು ಹಿಡಿದು ಕುಳಿತವಳು. "ಯಾಕ ತಂಗಿ, ಹಂಗ ತಿರಗಾಕತ್ತಿ, ಕರ ಕಳಕೊಂಡ ಆಕಳದಂಗ?" ಅಂದಳು. ತ್ರಿವೇಣಿ ಸುಮ್ಮನೆ ಆಕೆಯ ಪಕ್ಕ ಕುಳಿತು ನಾಲ್ಕು ಎಸಳು ಸುಲಿದಳು. ಮುದುಕಿ ಮತ್ತೇನೂ ಕೇಳದೆ ಸಿಪ್ಪೆ ಬಿಡಿಸಲು ಸುಲಭವಾದ ದೊಡ್ಡ ಎಸಳುಗಳನ್ನು ಆರಿಸಿ ಆರಿಸಿ ಆಕೆಯ ಕಡೆ ತಳ್ಳಿದಳು.

ಆಟೋ ನಿಂತ ಸದ್ದಾಯಿತು.

ತ್ರಿವೇಣಿ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಮನುಷ್ಯ ಇಳಿಯಲಿಲ್ಲ. ಇಳಿದವನು ಊರುಗೋಲಿನ ಮುದುಕ. ಹಣೆಯ ತುಂಬ ವಿಭೂತಿ, ಸಡಿಲವಾದ ಕಟ್ಟಿಸಿದ ಹಲ್ಲು, ಕತ್ತಿನ ಚರ್ಮ ಜೋತುಬಿದ್ದಿತ್ತು. ಮಂದಿ ಮುಂದಾಗಿ ಬಂದು ಕೈ ಹಿಡಿದು ಇಳಿಸಿದರು. ಈ ಜೀವದ ಮೇಲೆ ಯಾರು ಏನು ಹೇಳಿದರೂ ಹೇಳಿದವರೇ ಪಾಪಿಗಳಾಗುತ್ತಾರೆ ಎಂದುಕೊಂಡಳು. "ಏನವ್ವ ತ್ರಿವೇಣಿ, ಮಾಮನ್ನ ಮರತಬಿಟ್ಟಿ ಅಲ?" ಎಂದ, ಅದೇ ದನಿ, ದನಿಗೆ ಮಾತ್ರ ವಯಸ್ಸಾಗಿರಲಿಲ್ಲ. ಆಕೆ ನಿರ್ಧರಿಸುವ ಮೊದಲೇ ಆಕೆಯ ಬೆನ್ನು ಬಾಗಿತು, ಕೈ ಅವನ ಕಾಲು ಮುಟ್ಟಿತು. ಅವನು ತಲೆಯ ಮೇಲೆ ಕೈಯಿಟ್ಟ. ಆಕೆ ಎದ್ದು ಹೋಗಿ ಬಚ್ಚಲಲ್ಲಿ ಕೈ ತೊಳೆದುಕೊಂಡಳು. ಮೂವತ್ತಾರು ವರ್ಷದ ಹೆಂಗಸು, ಮಕ್ಕಳಿಗೆ ಓಡು ಎಂದು ಕಲಿಸುವ ಟೀಚರು, ಬಾಗಿ ನಮಸ್ಕಾರ ಮಾಡಿದ್ದಳು. ಸಾಬೂನು ಕೈಯಿಂದ ಜಾರಿ ಬಿತ್ತು. ಕೊನೆಯ ಪ್ರಯತ್ನವೆಂದು ಅಡುಗೆಮನೆಗೆ ಹೋಗಿ ಮಹಾಂತಮ್ಮನ ತೋಳು ಹಿಡಿದಳು.

"ಅತ್ತಿ, ಮಾಮ ಹಚ್ಚೋದು ಬ್ಯಾಡ. ನೀವ ಹಚ್ಚರಿ."

"ನಾ ತಂದಿ ಕಡೆಯಾಕಿ, ನಾ ಹೆಂಗ ಹಚ್ಚಲಿ? ಅವ್ವ ನೆನಪಾದ್ಲೇನು?" ಮಹಾಂತಮ್ಮ ಎಳ್ಳಿನ ಚಿಗಳಿ ಉಂಡೆ ಕಟ್ಟಿದ ಜಿಡ್ಡುಗೈಯಲ್ಲೇ ಆಕೆಯನ್ನು ಅಪ್ಪಿಕೊಂಡಳು. "ಅಳು, ಅತ್ತ ಬಿಡು. ಆಮ್ಯಾಲ ಮಾರಿ ತೊಳಕೊಂಡು ಬಾ, ಮಂದಿ ಕೂತಾರ." ಎಳ್ಳು ಬೆಲ್ಲದ ವಾಸನೆಯ ಆ ಅಪ್ಪುಗೆಯಲ್ಲಿ ತ್ರಿವೇಣಿಗೆ ಉಸಿರು ಕಟ್ಟಿತು. ಎಲ್ಲರೂ ಎಷ್ಟು ಒಳ್ಳೆಯವರು. ಇವರ ಒಳ್ಳೆಯತನವನ್ನು ಒದ್ದು ಹೊರಬರದೆ ಒಂದು ಮಾತು ಹೇಳುವ ಹಾಗಿರಲಿಲ್ಲ.

ಹೂವು ಹಿಡಿದು ಒಳಕೋಣೆಗೆ ಹೋದಾಗ ಕಾವ್ಯ ಬೆನ್ನು ಮಾಡಿ ನಿಂತಿದ್ದಳು. ಹೊಸ ಲಂಗ ಉಡಿಸುತ್ತಿದ್ದವಳು ಮೊಗುಲಮ್ಮ. ನಾನ ಉಡಸ್ತೀನಿ ಎಂದು ತಾನೇ ಕೇಳಿಕೊಂಡು ಬಂದಿದ್ದಳಂತೆ. ನೆಲದ ಮೇಲೆ ಕುಳಿತು ಹುಡುಗಿಯನ್ನು ಮೊಣಕಾಲ ನಡುವೆ ನಿಲ್ಲಿಸಿಕೊಂಡಿದ್ದಳು. ನಾಲಿಗೆ ಹೊರಚಾಚಿ ಲಾಡಿಯ ತುದಿಗೆ ಎಂಜಲು ತಾಗಿಸಿದಳು.

"ಅಜ್ಜೀ, ಬಿಗಿ ಆಗಾಕತ್ತೈತಿ," ಅಂದಳು ಕಾವ್ಯ.

"ನಿಂದ್ರವ್ವ. ಉಸಿರು ಬಿಡಬ್ಯಾಡ."

ಒಂದು. ಅದರ ಮೇಲೆ ಒಂದು. ಮೂರನೆಯದನ್ನು ಎಳೆದು ಬಿಗಿದು ಮೊಗುಲಮ್ಮ ತಲೆಯೆತ್ತಿದಾಗ ಬಾಗಿಲಲ್ಲಿ ತ್ರಿವೇಣಿ ಕಂಡಳು. ಇಬ್ಬರೂ ನೋಡಿದರು. ಪೊರೆ ಬಂದ ಆ ಮುದಿಗಣ್ಣು ಮೊದಲು ತಪ್ಪಿಸಿಕೊಂಡಿತು, ಮತ್ತೆ ಬಂದು ತ್ರಿವೇಣಿಯ ಮೇಲೆ ನಿಂತಿತು, ಹೊಡೆತಕ್ಕೆ ಕಾಯುವವರ ಹಾಗೆ. ತ್ರಿವೇಣಿಯ ಕೈಯಿಂದ ಹೂವಿನ ಪೊಟ್ಟಣ ಬಿತ್ತು. ಈಕೆಗೆ ಗೊತ್ತಿತ್ತು. ಅಷ್ಟೂ ಬೇಸಿಗೆ, ಪ್ರತಿ ಮುಂಜಾನೆ, ಗೊತ್ತಿದ್ದೇ ಎಂಜಲು ಹಚ್ಚಿ ಗಂಟು ಹಾಕುತ್ತಿದ್ದಳು. ಗಂಡನ ಕೈ ಹಿಡಿಯಲಾರದವಳು, ಬಾಗಿಲು ಬಡಿಯಲಾರದವಳು, ಒಂದು ಮೊಳ ಲಾಡಿಯನ್ನು ಕಾವಲಿಗೆ ಇಟ್ಟಿದ್ದಳು. ಹೊಡೀತಾಳೇನು ಎಂದಾಗ ಹೂಂ ಅಂದಿದ್ದು ಇವಳ ಮೇಲೆ. ಮಣ್ಣು ತೂರಿಸಿಕೊಂಡವಳು ಇವಳು. ಒಂದು ಕ್ಷಣ ಆಕೆಯ ಕಾಲು ಹಿಡಿದು ಅಳಬೇಕೆನ್ನಿಸಿತು, ಅದೇ ಕ್ಷಣ ಆ ನರೆತ ಜಡೆ ಹಿಡಿದು ಜಗ್ಗಿ ಗೋಡೆಗೆ ಬಡಿಯಬೇಕೆನ್ನಿಸಿತು. ಆಮೇಲೆ ಬೆನ್ನುಹುರಿಯ ಕೆಳಗಿನಿಂದ ಇನ್ನೊಂದು ಯೋಚನೆ ತಣ್ಣಗೆ ಏರಿ ಬಂತು. ಊರುಗೋಲು ಹಿಡಿದ ಮುದುಕನಿಗೂ ಹೆದರಿ ಈಕೆ ಗಂಟು ಹಾಕುತ್ತಿದ್ದಾಳೆ. ಅಂದರೆ ಈಗಲೂ. ಅಂದರೆ ನಡುವಿನ ಇಷ್ಟು ವರ್ಷಗಳಲ್ಲಿ, ಬಣ್ಣದ ಹೆಸರು ಹೇಳಲು ಆ ಬಿಳಿ ಗಾದಿಯ ಮೇಲೆ ಇನ್ನೂ ಯಾರು ಯಾರು ಕುಳಿತರು? ತಾನು ಬಾಯಿ ಮುಚ್ಚಿಕೊಂಡಿದ್ದ ಪ್ರತಿ ಬೇಸಿಗೆಯಲ್ಲಿ?

ಹೊರಗಿನಿಂದ ಕರೆ ಬಂತು. ಮೊಗುಲಮ್ಮ ಗೋಡೆ ಹಿಡಿದು ಎದ್ದು, ಹೂವಿನ ಪೊಟ್ಟಣ ಎತ್ತಿ ಕೊಟ್ಟು, ಏನೂ ಹೇಳದೆ ಹೊರಗೆ ಹೋದಳು.

ಕಾವ್ಯಳನ್ನು ಚಾಪೆಯ ಮೇಲೆ ಕೂರಿಸಿದರು. ಮುಂದೆ ಮಣೆ, ಮಣೆಯ ಸುತ್ತ ಅಕ್ಕಿಹಿಟ್ಟಿನ ಗೆರೆ, ತಟ್ಟೆಯಲ್ಲಿ ಚಿಗಳಿ, ಕೊಬ್ಬರಿ ಬಟ್ಟಲು, ಗದ್ವಾಲದ ಸೀರೆ. ಸೀರೆ ಮಾವಿನಕಾಯಿ ಹಸಿರಿನದು. ಹೆಂಗಸರು ಒತ್ತಿ ಕುಳಿತಿದ್ದರು, ಯಾರೋ ಹಾಡು ಎತ್ತಿದ್ದರು. ತಾಯಪ್ಪ ಊರುಗೋಲು ಗೋಡೆಗೆ ಆನಿಸಿ, ಅಂಗಿಯ ತೋಳು ಮೇಲೆ ಮಾಡಿ, ಎಣ್ಣೆಯ ಬಟ್ಟಲಲ್ಲಿ ಎರಡೂ ಕೈ ಅದ್ದಿದ. ಅರಿಷಿಣದಿಂದ ಕೈ ಹಳದಿಯಾದವು. "ಎಷ್ಟು ಬೆಳದೀಯವ್ವ ನೀ," ಎಂದು ನಗುತ್ತ ಬಾಗಿದ. ಕಾವ್ಯ ನಾಚಿಕೊಂಡು ಭುಜ ಹಿಂದಕ್ಕೆ ತೆಗೆದುಕೊಂಡಳು, ಒಂದೇ ಒಂದು ಬೆರಳಿನಷ್ಟು. ಆ ಬೆರಳಿನಷ್ಟನ್ನು ನೋಡಿದವಳು ತ್ರಿವೇಣಿ ಒಬ್ಬಳೇ.

"ಮುಟ್ಟಬ್ಯಾಡ."

ಹಾಡು ಅಲ್ಲಲ್ಲೇ ಒಡೆದು ನಿಂತಿತು. ತ್ರಿವೇಣಿಯ ಬಾಯಿಂದ ಬಂದ ಆ ದನಿ ಎಂಟು ವರ್ಷದ ಹುಡುಗಿಯದು, ಕೀರಲು. ತಾಯಪ್ಪ ಬಾಗಿದಲ್ಲಿಯೇ ತಲೆಯೆತ್ತಿ ನಕ್ಕ. "ಯಾಕವ್ವ, ನಿನ್ನ ಮಗಳನ್ನ ನಾ ತಿಂತೀನೇನು? ಹಲ್ಲಾದ್ರೂ ಎಲ್ಲಿ ಅದಾವು ನನಗ?" ಹೆಂಗಸರು ಗೊಳ್ಳೆಂದರು. ಆ ನಗುವಿನೊಳಗೆ ಎಲ್ಲ ಮುಗಿದುಹೋಗಬಹುದಿತ್ತು. ಒಂದು ತಮಾಷೆಯಾಗಿ, ಮುಂದೆ ಎಷ್ಟೋ ವರ್ಷ ಹೇಳಿಕೊಂಡು ನಗುವ ಮಾತಾಗಿ. ತ್ರಿವೇಣಿಯ ನಾಲಿಗೆಗೆ ಮೊದಲು ತೆಲುಗು ಬಂತು. ವದ್ದು ಅನು, ಪರುಗೆತ್ತು, ಚೆಪ್ಪು. ಅದನ್ನು ನುಂಗಿದಳು. ಎದ್ದು ಹೋಗಿ ಮಗಳಿಗೂ ಅವನಿಗೂ ನಡುವೆ, ಮಣೆಯ ಗೆರೆ ತುಳಿದು ನಿಂತಳು.

"ನಾ ಎಂಟು ವರ್ಷದಾಕಿ ಇದ್ದಾಗ ಈ ಮಾಮ ಅಂಗಡಿ ಹಿಂದಿನ ಕೋಣ್ಯಾಗ ಬಾಗಲ ಹಾಕ್ಕೊಂಡು ನನ್ನ ಮುಟ್ಟಬಾರದಲ್ಲಿ ಮುಟ್ಟಿದ. ಒಂದ ದಿನ ಅಲ್ಲ. ಮೂರು ಬ್ಯಾಸಗಿ. ಯಾರಿಗೂ ಹೇಳಲಿಲ್ಲ ನಾ. ಇವತ್ತು ಹೇಳಾಕತ್ತೀನಿ. ನನ್ನ ಮಗಳನ್ನ ಆಂವ ಮುಟ್ಟಬಾರದು."

ಕನ್ನಡದಲ್ಲಿ ಅದು ಬಹಳ ಸಣ್ಣ ಮಾತಾಗಿತ್ತು. ಇಷ್ಟೇ ಶಬ್ದಗಳಿದ್ದವೇ ಅನ್ನಿಸಿತು. ಕೂತವರಲ್ಲಿ ಒಬ್ಬಳು, ಗಾಳಿ ಬಡದಿರಬೇಕು, ಮುಂಜಾನಿಂದ ಹಂಗ ಇದ್ಲು ಅಂದಳು. ಇನ್ನೊಬ್ಬಳು ತನ್ನ ಮಗಳ ಕಿವಿ ಮುಚ್ಚಿದಳು. ಹಂಗೇನರ ಇದ್ರೂ ಇಂಥ ದಿನ ಹೇಳ್ತಾರೇನು ಅಂದರು ಯಾರೋ. ತಾಯಪ್ಪ ಹಳದಿ ಕೈಗಳನ್ನು ಎಲ್ಲರಿಗೂ ತೋರಿಸಿ, "ಇವರವ್ವಗ ಅನ್ನ ಹಾಕಿದ ಕೈ ಇವು," ಎಂದ. ದನಿ ಒಡೆದಿತ್ತು, ಕಣ್ಣಲ್ಲಿ ನಿಜವಾದ ನೀರಿತ್ತು. "ಹುಚ್ಚು ಹಿಡದೈತಿ ಹುಡುಗಿಗೆ. ಶಿವಾ, ನಿನ್ನ ಹೆಂತೀನ ಒಳಗ ಕರಕೊಂಡು ಹೋಗು." ಎಲ್ಲರ ಕಣ್ಣೂ ಅವನ ನೀರಿನ ಮೇಲೆ. ಗೆಲ್ಲುತ್ತಿದ್ದಾನೆ ಎಂದು ತ್ರಿವೇಣಿಗೆ ಗೊತ್ತಾಯಿತು. ಇನ್ನು ಆಕೆಯ ಹತ್ತಿರ ಬೇರೆ ಮಾತು ಇರಲಿಲ್ಲ. ಗೋಡೆಯ ಕಡೆ ತಿರುಗಿದಳು, ಅಲ್ಲಿ ಕೂತಿದ್ದ ಮೊಗುಲಮ್ಮನ ಕಡೆ.

"ಅತ್ತಿ, ಕಾವ್ಯಾನ ಲಾಡಿಗೆ ಮೂರು ಗಂಟು ಯಾಕ ಹಾಕ್ದಿ? ನನಗ ಯಾಕ ಹಾಕ್ತಿದ್ದಿ? ಹೇಳು."

ಮೊಗುಲಮ್ಮ ತನ್ನ ಕೈ ನೋಡಿಕೊಂಡಳು. ತಾಯಪ್ಪ ಹೆಂಡತಿಯ ಕಡೆ ತಿರುಗಿಯೂ ನೋಡಲಿಲ್ಲ. ನಲವತ್ತೈದು ವರ್ಷದ ಸಂಸಾರದಲ್ಲಿ ತಿರುಗಿ ನೋಡಬೇಕಾದ ಪ್ರಸಂಗ ಬಂದಿರಲಿಲ್ಲ. ಆಕೆ ನೆಲಕ್ಕೆ ಹೇಳುವಂತೆ ಹೇಳಿದಳು.

"ನನ್ನ ಕೈಲೆ ಆಗಿದ್ದು ಅಷ್ಟವ್ವ."

ಮಹಾಂತಮ್ಮನ ಕೈಯಲ್ಲಿದ್ದ ಆರತಿ ತಟ್ಟೆ ವಾಲಿ ದೀಪ ಎಣ್ಣೆಯಲ್ಲಿ ಮುಳುಗಿ ಆರಿತು. ಕಾವ್ಯ ಚಾಪೆಯಿಂದ ತಾನೇ ಎದ್ದಳು, ಯಾರೂ ಎತ್ತಲಿಲ್ಲ. ತಾಯಿಯ ಬೆನ್ನಿಗೆ ಬಂದು ನಿಂತು ಸೆರಗು ಹಿಡಿದುಕೊಂಡಳು. ಶಿವಕಾಂತ ಬಾಗಿಲಲ್ಲಿದ್ದ. ಒಳಗೆ ಬಂದು, ಹೆಂಡತಿಯ ಮುಖ ನೋಡದೆ, ಗೋಡೆಗಿದ್ದ ಊರುಗೋಲನ್ನು ತೆಗೆದು ಮುದುಕನ ಹಳದಿ ಕೈಗೆ ಕೊಟ್ಟು, "ಏಳ್ರಿ," ಎಂದ. ಅಷ್ಟೇ ಎಂದ. ಮತ್ತೊಮ್ಮೆ "ಏಳ್ರಿ" ಎಂದು ಬಾಗಿಲ ಕಡೆ ಕೈ ಮಾಡಿದ.

ಮಂದಿ ಉಣ್ಣದೆ ಹೋದರು. ಕೆಲವರು ಹೋಗುವಾಗ ಮಹಾಂತಮ್ಮನನ್ನು ಸಮಾಧಾನ ಮಾಡಿದರು, ತ್ರಿವೇಣಿಯನ್ನು ಯಾರೂ ನೋಡಲಿಲ್ಲ. ತಾಯಪ್ಪ ಆಟೋದಲ್ಲಿ ಕುಳಿತಿದ್ದ. ಮೊಗುಲಮ್ಮ ಇನ್ನೂ ಗೇಟಿನ ಹತ್ತಿರ ಚಪ್ಪಲಿ ಹುಡುಕುತ್ತಿದ್ದಳು.

"ನೀ ಯಾಕ ಹೋಗ್ತಿ ಅತ್ತಿ? ಇಲ್ಲೇ ಇರು."

"ಹೋಗ್ಬೇಕವ್ವ. ನಮ್ಮ ಓಣ್ಯಾಗ ಹುಡುಗ್ಯಾರು ಅದಾರ. ಮಗ್ಗದ ಮನಿಯವು, ಸೀರಿ ಕೊಡಾಕ ಬರ್ತಾವು."

"ಗಂಟು ಸಾಲಂಗಿಲ್ಲ ಅತ್ತಿ." ತ್ರಿವೇಣಿಗೆ ಅಳು ಬಂತು. "ನಿನ್ನ ಗಂಟು ಸಾಲಲಿಲ್ಲ."

ಮುದುಕಿ ತಲೆ ಅಲ್ಲಾಡಿಸಿದಳು. ಗೊತ್ತು ಎನ್ನುವ ಹಾಗೆ.

"ನಾರಾಯಣಪೇಟಿ ಮೇಡಂಗ ಈಗ ಫೋನ್ ಮಾಡ್ತೀನಿ. ಅವರನ್ನ ಕರಕೊಂಡು ಬರ್ತೀನಿ. ಆಮ್ಯಾಲ ಪೊಲೀಸರು ಬರ್ತಾರ, ಏನಾಗ್ತೈತಿ ನನಗೂ ಗೊತ್ತಿಲ್ಲ. ಅವರ ಮುಂದ ಹೇಳ್ತಿಯೇನು ನೀ?"

ಆಟೋದಿಂದ ಕೆಮ್ಮಿದ ಸದ್ದು ಬಂತು. ಮೊಗುಲಮ್ಮ ಚಪ್ಪಲಿಯಲ್ಲಿ ಕಾಲು ತೂರಿಸಿದಳು, ಎಡದ್ದು ಬಲಕ್ಕೆ, ಮತ್ತೆ ತೆಗೆದು ಸರಿಮಾಡಿಕೊಂಡಳು. "ನೀ ಬಾ," ಅಂದಳು. "ಬಾಗಲ ನಾ ತಗೀತೀನಿ." ಮುಂದಿನ ಸೀಟಿನಲ್ಲಿ, ಡ್ರೈವರಿನ ಪಕ್ಕ ಹೋಗಿ ಕುಳಿತಳು.

ಮಹಾಂತಮ್ಮ ಒಲೆಯ ಮುಂದೆ ಗೋಡೆಗೆ ಒರಗಿ ಕುಳಿತಿದ್ದಳು. "ನಾನ ಕರದೆ," ಅನ್ನುತ್ತಿದ್ದಳು. "ಫೋನ್ ಮಾಡಿ ನಾನ ಕರದೆ." ತ್ರಿವೇಣಿ ಆಕೆಯ ಪಕ್ಕ ಕುಳಿತಳು. ಸಮಾಧಾನ ಹೇಳಲು ಹೋಗಲಿಲ್ಲ, ಇವತ್ತು ಅದು ಆಕೆಯ ಕೆಲಸವಾಗಿರಲಿಲ್ಲ. ಆದರೂ ಎದ್ದು ಹೋಗಲಿಲ್ಲ. ಅಂಗಳದಲ್ಲಿ ಶಿವಕಾಂತ ಮುಂಜಾನೆ ತಾನೇ ಬಿಗಿದ ಹಗ್ಗಗಳನ್ನು ಒಂದೊಂದಾಗಿ ಬಿಚ್ಚುತ್ತಿದ್ದ. ಒಳಗೆ ಬರುತ್ತಾನೋ ಇಲ್ಲವೋ, ಬಂದರೆ ಏನನ್ನುತ್ತಾನೋ ತಿಳಿಯದು. ಹಿತ್ತಲಲ್ಲಿ ಅಡುಗೆಯ ದೊಡ್ಡ ಪಾತ್ರೆಗಳನ್ನು ಕುರುಮಮ್ಮ ಯಾರೂ ಹೇಳದೆ ತಿಕ್ಕುತ್ತಿದ್ದಳು. ತ್ರಿವೇಣಿ ನೀರು ಕೊಡಲು ಹೋದಾಗ ಆಕೆ ಬೂದಿಗೈ ನಿಲ್ಲಿಸಲಿಲ್ಲ, ಮುಖವನ್ನೂ ಎತ್ತಲಿಲ್ಲ.

"ನಮ್ಮೂರಾಗೂ ಒಬ್ಬಾಂವ ಇದ್ದ ತಂಗಿ," ಅಂದಳು. "ಮಲ್ದಕಲ್ ದಾರಿಯಾಗ ನಮ್ಮ ಹೊಲ. ನಾ ಕಾವ್ಯಾನಕಿಂತ ಸಣ್ಣಾಕಿ." ಪಾತ್ರೆಯ ತಳವನ್ನು ಇನ್ನೂ ಜೋರಾಗಿ ತಿಕ್ಕಿದಳು. ತ್ರಿವೇಣಿ ಆಕೆಗೂ ಅಂಗಳಕ್ಕೂ ನಡುವೆ ಮರೆಯಾಗಿ ನಿಂತಳು. ಮುದುಕಿಯ ಭುಜಗಳು ಅಲುಗುವುದು ನಿಲ್ಲುವವರೆಗೆ ಹಾಗೆಯೇ ನಿಂತಿದ್ದಳು.

"ಅಮ್ಮಾ, ಇದು ಬಿಚ್ಚವಲ್ದು," ಎಂದು ಕಾವ್ಯ ಒಳಗಿನಿಂದ ಕೂಗಿದಳು.

ಉಗುರಿಗೆ ಬರಲಿಲ್ಲ, ಹಲ್ಲಿಗೂ ಬರಲಿಲ್ಲ. ಕತ್ತರಿ ತಂದು ಲಾಡಿ ಕತ್ತರಿಸಿದಳು. ಹೊಟ್ಟೆಯ ಸುತ್ತ ಬಿದ್ದ ಕೆಂಪು ಬರೆಯನ್ನು ಬಹಳ ಹೊತ್ತು ನೋಡಿ, ಕೊಬ್ಬರಿ ಎಣ್ಣೆಯ ಬಾಟಲಿಯನ್ನು ಮಗಳ ಕೈಗೇ ಕೊಟ್ಟಳು, ಹಚ್ಚಿಕೋ ಎಂದು. ಪಿನ್ನಿಗೆ ಸಿಕ್ಕಿಸಿ ಹೊಸ ಲಾಡಿಯನ್ನು ನೇಫೆಯ ತುಂಬ ಹಾಯಿಸಿದಳು. ಎರಡೂ ತುದಿ ಹೊರಬಂದ ಮೇಲೆ ಕಟ್ಟಲೆಂದು ಆಕೆಯ ಬೆರಳು ರೂಢಿಯಿಂದ ಮುಂದೆ ಹೋದವು, ಅಲ್ಲಿಯೇ ನಿಂತವು.

"ನೀನ ಕಟ್ಟಿಕೋ."

ಕಾವ್ಯ ಜೀರುಗುಣಿಕೆ ಹಾಕಿದಳು. ತುದಿ ಎಳೆದಳು, ಬಿಚ್ಚಿತು. ಮತ್ತೆ ಹಾಕಿದಳು. "ಸಡಲ ಆತಲ್ಲಮ್ಮ?"

"ಇರಲಿ," ಅಂದಳು ತ್ರಿವೇಣಿ. ನೆಲದ ಮೇಲೆ ಕತ್ತರಿಸಿದ ಲಾಡಿ ಬಿದ್ದಿತ್ತು, ಮೂರು ಗಂಟು ಹಾಗೆಯೇ ಇದ್ದವು. ಅದನ್ನು ಎತ್ತಿ ಸೆರಗಿನಲ್ಲಿ ಕಟ್ಟಿಕೊಂಡು, ಫೋನಿನಲ್ಲಿ ಶಿರೀಷಾ ಮೇಡಂ ಹೆಸರು ಹುಡುಕಿ ಒತ್ತಿದಳು. ಆ ಕಡೆ ಗಂಟೆ ಹೊಡೆದುಕೊಳ್ಳುತ್ತಿತ್ತು. ಕಾವ್ಯ ಲಾಡಿಯ ತುದಿ ಬೆರಳಿಗೆ ಸುತ್ತಿಕೊಂಡು ಪಕ್ಕದಲ್ಲಿ ಬಂದು ಕುಳಿತಳು, ಎದ್ದು ಹೋಗು ಎಂದು ತಾಯಿ ಹೇಳಲಿಲ್ಲ.